ಗಾಯರಾಣದ ಪಾಪಸುಕಳ್ಳಿ: ಹೆಸರು ಹೇಳುವ ಮೊದಲು ಮುಳ್ಳಿನ ಬುಡ ನೋಡಿ

ಈ ತಿಂಗಳು ಬಂದ ಪತ್ರಗಳಲ್ಲಿ ಐದು ಪತ್ರಗಳು ಕಳ್ಳಿಯ ಕುರಿತೇ ಇದ್ದುದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಮೊದಲ ಪತ್ರಕ್ಕೆ ಬರೆದ ಉತ್ತರ ದೀರ್ಘವಾಗಿದೆ. ಉಳಿದ ನಾಲ್ಕು ಉತ್ತರಗಳೂ ಅದರ ಮೇಲೆಯೇ ನಿಂತಿರುವುದರಿಂದ ಅದನ್ನು ಮೊದಲು ಓದಬೇಕೆಂದು ಕೋರುತ್ತೇನೆ.

ಪ್ರಶ್ನೆ: ನಮ್ಮೂರು ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿನಲ್ಲಿದೆ. ಊರ ಗಾಯರಾಣದ (ಗೋಮಾಳದ) ಮಡ್ಡಿಯಲ್ಲಿ ಚಪ್ಪಟೆ ಕಳ್ಳಿ ಮೊದಲು ಒಡ್ಡಿನ ಗುಂಟ ಮಾತ್ರ ಇತ್ತು. ಈಗ ಹುಲ್ಲಿನ ನಡುವೆಯೂ ಹಬ್ಬಿ ಕುರಿ ಮೇಯಿಸಲು ಜಾಗ ಸಾಲದಂತಾಗಿದೆ. ಹಿರಿಯರು ಇದನ್ನು ಡಬ್ಬುಗಳ್ಳಿ ಎನ್ನುತ್ತಾರೆ, ಶಾಲೆಗೆ ಹೋಗುವ ಮಗಳು ಪಾಪಸುಕಳ್ಳಿ ಎನ್ನುತ್ತಾಳೆ, ಕೃಷಿ ಮೇಳಕ್ಕೆ ಹೋಗಿಬಂದವರೊಬ್ಬರು ಇದು ದನಗಳ ಮೇವಿಗೆ ಬೆಳೆಸುವ ಕಳ್ಳಿ ಎಂದರು. ಮೂರೂ ಒಂದೇ ಗಿಡವೇ? ಜೆಸಿಬಿ ತರಿಸಿ ತೆಗೆಸಿಬಿಡಬೇಕೆಂದು ಊರಲ್ಲಿ ಮಾತು ನಡೆದಿದೆ. ಗಿಡದ ಒಂದು ತುಂಡನ್ನೂ ಹೂವಿನ ಫೋಟೊಗಳನ್ನೂ ಕಳಿಸಿದ್ದೇನೆ.

ಉತ್ತರ: ನೀವು ಕಳಿಸಿದ ತುಂಡು ಬಿಸ್ಕಿಟ್ ಡಬ್ಬಿಯೊಳಗೆ ಹಳೆಯ ಪತ್ರಿಕೆ ಸುತ್ತಿಕೊಂಡು ಒಂಬತ್ತು ದಿನಗಳ ಮೇಲೆ ನನ್ನ ಕೈ ಸೇರಿತು. ನೀರಿಲ್ಲದೆ, ಬೆಳಕಿಲ್ಲದೆ ಅಷ್ಟು ದಿನ ಕಳೆದರೂ ಅದು ಬಾಡಿರಲಿಲ್ಲ. ಅಂಚು ಮಾತ್ರ ತುಸು ಸುಕ್ಕಾಗಿತ್ತು. ಅದನ್ನು ಹಾಗೆಯೇ ಮೇಜಿನ ಮೇಲೆ ಮಲಗಿಸಿಟ್ಟಿದ್ದೆ. ಮೂರನೆಯ ವಾರ ಎತ್ತಿ ನೋಡಿದಾಗ ಮೇಜಿಗೆ ಒತ್ತಿಕೊಂಡಿದ್ದ ಬದಿಯಲ್ಲಿ, ಮುಳ್ಳಿನ ಬುಡಗಳಿಂದ, ಬಿಳಿ ಬೇರಿನ ಮೊನೆಗಳು ಹೊರಟಿದ್ದವು. ಒಂದು ಹನಿ ನೀರನ್ನೂ ಕೊಟ್ಟಿರಲಿಲ್ಲ, ಒಂದು ಚಿಟಿಕೆ ಮಣ್ಣೂ ಇರಲಿಲ್ಲ. ನಿಮ್ಮ ಕೊನೆಯ ಮಾತಿಗೆ, ಅಂದರೆ ಜೆಸಿಬಿಯ ಮಾತಿಗೆ, ಬರುವಾಗ ಈ ಬೇರುಗಳನ್ನು ಮತ್ತೆ ನೆನೆಯೋಣ.

ಮೊದಲು ಹೆಸರಿನ ವಿಷಯ. ಪಾಪಸುಕಳ್ಳಿ, ಡಬ್ಬುಗಳ್ಳಿ, ಚಪ್ಪಟೆಗಳ್ಳಿ ಎಂಬ ಹೆಸರುಗಳೆಲ್ಲ ಒಂದೇ ಗಿಡಕ್ಕಲ್ಲ, ಒಂದು ಬಳಗಕ್ಕೆ ಜನ ಇಟ್ಟ ಹೆಸರುಗಳು. ಪಾಪಾಸು ಎಂದರೆ ಕಾಲಿಗೆ ಹಾಕುವ ಮೆಟ್ಟು; ಮೆಟ್ಟಿನ ಅಟ್ಟೆಯಂತೆ ಕಾಣುವುದರಿಂದ ಆ ಹೆಸರು ಬಂತು. ಗಡಿಭಾಗದ ಮರಾಠಿಗರು ಇದನ್ನೇ ಫಡ್ಯಾ ನಿವಡುಂಗ ಎನ್ನುತ್ತಾರೆ, ಹಿಂದಿಯವರು ನಾಗಫಣಿ ಎನ್ನುತ್ತಾರೆ. ಅವರ ಕಣ್ಣಿಗೆ ಅದು ಹಾವಿನ ಹೆಡೆ. ಸಸ್ಯಶಾಸ್ತ್ರದಲ್ಲಿ ಈ ಬಳಗಕ್ಕೆ ಒಪನ್ಷಿಯಾ ಎಂದು ಹೆಸರು. ಬಳಗದ ಎಲ್ಲ ಗಿಡಗಳ ತವರೂ ಅಮೆರಿಕ ಖಂಡ. ನಮ್ಮ ಒಣಭೂಮಿಯಲ್ಲಿ ಕಾಡುಗಿಡವಾಗಿ ಕಾಣಸಿಗುವವು ಮುಖ್ಯವಾಗಿ ಮೂರು, ಮೇವಿಗೆಂದು ನೆಡುವುದು ನಾಲ್ಕನೆಯದು. ಆದ್ದರಿಂದ ನಿಮ್ಮ ಹಿರಿಯರೂ ಮಗಳೂ ಹೇಳಿದ್ದು ಸರಿ. ಮೇಳದಿಂದ ಬಂದವರು ಹೇಳಿದ್ದು ಸರಿಯಲ್ಲ. ಅದು ಏಕೆ ಸರಿಯಲ್ಲ ಎಂಬುದು ಗಿಡವನ್ನು ಹತ್ತಿರದಿಂದ ನೋಡಿದರೆ ತಾನಾಗಿ ತಿಳಿಯುತ್ತದೆ.

ನಾವು ಎಲೆ ಎಂದು ಕರೆಯುವ ಆ ದಪ್ಪ ಹಲಗೆ ಎಲೆಯಲ್ಲ, ಕಾಂಡ. ನಿಜವಾದ ಎಲೆ ನೋಡಬೇಕಾದರೆ ಹೊಸ ಹಲಗೆ ಚಿಗುರುವಾಗ ಹೋಗಬೇಕು. ಅದರ ಮೈತುಂಬ ಜೋಳದ ಕಾಳಿಗಿಂತ ತುಸು ಉದ್ದನೆಯ, ಚೂಪಾದ ಹಸಿರು ಕೊಂಬುಗಳಂಥವು ಇರುತ್ತವೆ. ಅವೇ ಎಲೆಗಳು, ಕೆಲವೇ ವಾರಗಳಲ್ಲಿ ಉದುರಿಹೋಗುತ್ತವೆ. ಪ್ರತಿಯೊಂದು ಎಲೆಯ ಕಂಕುಳಲ್ಲಿ ಒಂದು ಚಿಕ್ಕ ಗುಂಡು ಗುರುತು ಉಳಿಯುತ್ತದೆ. ಸಸ್ಯಶಾಸ್ತ್ರಜ್ಞರು ಅದಕ್ಕೆ ಅರಿಯೋಲ್ ಎನ್ನುತ್ತಾರೆ. ಕಬ್ಬಿನ ಗಣಿಕೆಯ ಕಣ್ಣನ್ನು ಬಲ್ಲ ನಮ್ಮ ಸೀಮೆಯವರಿಗೆ ಮುಳ್ಳುಗಣ್ಣು ಎಂದರೆ ಸುಲಭವಾಗಿ ಅರ್ಥವಾದೀತು, ಏಕೆಂದರೆ ಕಬ್ಬಿನ ಕಣ್ಣಿನಂತೆ ಇದೂ ಒಂದು ಮೊಗ್ಗೇ. ಮುಳ್ಳು, ಹೂವು, ಹೊಸ ಹಲಗೆ, ಕೊನೆಗೆ ಬೇರು ಕೂಡ ಹೊರಡುವುದು ಈ ಕಣ್ಣಿನಿಂದಲೇ. ಮುಳ್ಳುಗಣ್ಣು ಇದ್ದರೆ ಮಾತ್ರ ಅದು ಕ್ಯಾಕ್ಟಸ್ ಕುಟುಂಬದ ಗಿಡ; ಇಲ್ಲದಿದ್ದರೆ ಎಷ್ಟೇ ಮುಳ್ಳಿದ್ದರೂ ಅದು ಬೇರೆ ಕುಟುಂಬದ್ದು.

ನೀವು ಕಳಿಸಿದ ಹಲಗೆಯ ಒಂದು ಕಣ್ಣನ್ನು ಹತ್ತು ಪಟ್ಟು ದೊಡ್ಡದು ಮಾಡುವ ಮಸೂರದ ಕೆಳಗೆ ಇಟ್ಟು ನೋಡಿದೆ. ತಳದಲ್ಲಿ ಬೂದುಬಣ್ಣದ ತುಪ್ಪಳದ ಹಾಸು. ಅದರ ನಡುವಿನಿಂದ ನಾಲ್ಕು ಉದ್ದನೆಯ ಮುಳ್ಳುಗಳು ಬೇರೆಬೇರೆ ದಿಕ್ಕಿಗೆ ಚಾಚಿದ್ದವು. ಕಣ್ಣಿನ ಮೇಲಂಚಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ನಿಂತ ಕಂದು ರೋಮಗಳ ಕಟ್ಟು. ಈ ರೋಮಗಳನ್ನೇ ಗ್ಲಾಕಿಡ್ ಎನ್ನುವುದು. ಜೋಳದ ರಾಶಿ ಮಾಡುವಾಗ ಮೈಗೆ ಹತ್ತುವ ಸುಂಕನ್ನು ಬಲ್ಲವರಿಗೆ ಇದನ್ನು ಸುಂಕುಮುಳ್ಳು ಎಂದರೆ ಸಾಕು. ಮಸೂರದಲ್ಲಿ ಪ್ರತಿಯೊಂದು ಸುಂಕಿನ ಮೇಲೂ ಹಿಂದಕ್ಕೆ ಬಾಗಿದ ಕೊಕ್ಕೆಗಳು ಸಾಲಾಗಿ ಕಾಣುತ್ತವೆ. ಒಳಹೊಕ್ಕದ್ದು ಹೊರಬರದಂತೆ ತಡೆಯುವುದು ಅವೇ. ಉದ್ದ ಮುಳ್ಳಿಗೆ ಜನ ಹೆದರುತ್ತಾರೆ, ಆದರೆ ನೋವು ಹೆಚ್ಚು ಕೊಡುವುದು ಈ ಸಣ್ಣದು.

ಈಗ ಜಾತಿ ಗುರುತಿಸುವ ಕೆಲಸ. ಉದ್ದ ಮುಳ್ಳು ಪ್ರತಿ ಕಣ್ಣಿಗೆ ಒಂದೋ ಎರಡೋ ಮಾತ್ರ ಇದ್ದು, ಹಲಗೆ ತೆಳ್ಳಗೆ, ಹೊಳಪಿನ ಹಸಿರಾಗಿ, ಬುಡದ ಕಡೆಗೆ ಕಿರಿದಾಗುತ್ತ ಹೋಗಿದ್ದರೆ, ಗಿಡ ಆಳೆತ್ತರ ಮೀರಿ ಮರದಂತೆ ನೆಟ್ಟಗೆ ನಿಂತಿದ್ದರೆ, ಅದು ಒಪನ್ಷಿಯಾ ಮೊನಕ್ಯಾಂತ. ಆ ಹೆಸರಿನ ಅರ್ಥವೇ ಒಂಟಿಮುಳ್ಳಿನದು ಎಂದು. ಮುಳ್ಳು ಹಳದಿಯಾಗಿದ್ದು, ದುಂಡಗಿರದೆ ಚಪ್ಪಟೆಯಾಗಿ, ತುಸು ಬಾಗಿ ಅಥವಾ ತಿರುಚಿಕೊಂಡು, ಹಲಗೆಗೆ ನೀಲಿ ಬೆರೆತ ಹಸಿರು ಬಣ್ಣವಿದ್ದರೆ ಅದು ಒಪನ್ಷಿಯಾ ಡಿಲ್ಲೆನಿಯೈ. ಅದರ ಹೂ ನಿಂಬೆಹಳದಿ. ಮುಳ್ಳು ಕಂದು ಇಲ್ಲವೆ ಕಡುಗಂದಾಗಿದ್ದು, ದಬ್ಬಳದಂತೆ ದುಂಡಗೆ ನೇರವಾಗಿ, ಕಣ್ಣಿಗೆ ಎರಡರಿಂದ ಎಂಟರವರೆಗೆ ಇದ್ದರೆ ಅದು ಒಪನ್ಷಿಯಾ ಎಲಾಟಿಯರ್. ಅದರ ಹೂ ಕಿತ್ತಳೆ ಬೆರೆತ ಹಳದಿ, ಮೇಲೆ ಕೆಂಪು ಗೀರುಗಳು, ಕೇಸರದ ಎಳೆಗಳೂ ಕೆಂಪು. ನಾಲ್ಕನೆಯದು ಮೇವಿನ ಒಪನ್ಷಿಯಾ ಫೈಕಸ್ ಇಂಡಿಕಾ. ಅದರ ಹಲಗೆ ಇವೆಲ್ಲಕ್ಕಿಂತ ದೊಡ್ಡದು, ದಪ್ಪವಾದುದು. ಮೇವಿಗೆಂದು ಆರಿಸಿದ ತಳಿಗಳಲ್ಲಿ ಉದ್ದ ಮುಳ್ಳು ಇರುವುದಿಲ್ಲ ಅಥವಾ ಅಲ್ಲೊಂದು ಇಲ್ಲೊಂದು ಇರುತ್ತದೆ.

ಇಷ್ಟು ಓದಿ ಗಾಯರಾಣಕ್ಕೆ ಹೋದವರು ಅರ್ಧ ಗಂಟೆಯಲ್ಲಿ ಗೊಂದಲಕ್ಕೆ ಬೀಳುತ್ತಾರೆ, ಏಕೆಂದರೆ ಒಂದೇ ಗಿಡದಲ್ಲಿ ಎರಡು ಬಣ್ಣದ ಮುಳ್ಳು, ಎರಡು ಬಣ್ಣದ ಹೂ ಕಾಣುತ್ತವೆ. ಮುಳ್ಳು ಹಳತಾದಂತೆ ಬಣ್ಣ ಕಳೆದುಕೊಂಡು ಎಲ್ಲ ಜಾತಿಗಳಲ್ಲೂ ಬೂದಿಯಂತಾಗುತ್ತದೆ. ಹಾಗಾಗಿ ಬುಡದ ಹಲಗೆಯನ್ನು ಬಿಟ್ಟು ಈ ವರ್ಷದ ಅಥವಾ ಕಳೆದ ವರ್ಷದ ಹಲಗೆಯನ್ನೇ ನೋಡಬೇಕು. ನೆರಳಲ್ಲಿ ಬೆಳೆದ ಗಿಡಕ್ಕೆ ಮುಳ್ಳು ಕಡಿಮೆ, ಹಲಗೆಯ ಅಂಚಿನ ಕಣ್ಣುಗಳಿಗೆ ಮುಳ್ಳು ಹೆಚ್ಚು. ಆದ್ದರಿಂದ ಬಿಸಿಲಲ್ಲಿ ನಿಂತ ಗಿಡದ ಹಲಗೆಯ ನಡುಭಾಗದಲ್ಲಿ ಹತ್ತು ಕಣ್ಣುಗಳನ್ನು ಎಣಿಸಿ ನೋಡುವುದು ನನ್ನ ರೂಢಿ. ಹೂವಿನ ಮೋಸ ಇನ್ನೂ ದೊಡ್ಡದು. ಬೆಳಿಗ್ಗೆ ನಿಂಬೆಹಳದಿಯಾಗಿ ಅರಳಿದ ಹೂ ಬಾಡುವಾಗ ಕಿತ್ತಳೆಗೆ ತಿರುಗುತ್ತದೆ. ಸಂಜೆ ನೋಡಿದವರು ಅದನ್ನು ಬೇರೆ ಜಾತಿ ಎಂದು ಬರೆದುಕೊಳ್ಳುತ್ತಾರೆ. ಆಗತಾನೆ ಅರಳಿದ ಹೂವಿನ ಒಳಗಿನ ಕೇಸರದ ಎಳೆಯ ಬಣ್ಣವನ್ನು ನೋಡಿದರೆ ಆ ತಪ್ಪು ಆಗುವುದಿಲ್ಲ. ಹೇಗೂ ಹೂವಿನ ಮುಂದೆ ಕೂತಾಗ ಒಂದು ಹುಲ್ಲುಕಡ್ಡಿಯಿಂದ ಕೇಸರಗಳನ್ನು ಮೆಲ್ಲಗೆ ಮುಟ್ಟಿ ನೋಡಿ. ನಿದ್ದೆಯಿಂದ ಎಚ್ಚೆತ್ತಂತೆ ಅವು ಒಳಮುಖವಾಗಿ ಬಾಗಿ ನಡುವಿನ ಕಂಬವನ್ನು ಸುತ್ತುವರಿಯುತ್ತವೆ. ಜೇನುಹುಳು ಒಳಗಿಳಿದಾಗ ಅದರ ಮೈಗೆ ಪರಾಗ ಬಳಿಯುವ ಏರ್ಪಾಡು ಅದು. ಎಷ್ಟೋ ವರ್ಷಗಳಿಂದ ನೋಡುತ್ತಿದ್ದರೂ ನನಗೆ ಅದು ಹಳತಾಗಿಲ್ಲ.

ನಿಮ್ಮ ಹಲಗೆಯ ಹತ್ತು ಕಣ್ಣುಗಳಲ್ಲಿ ಒಂದೊಂದರಲ್ಲೂ ಮೂರರಿಂದ ಐದು ಮುಳ್ಳುಗಳಿವೆ. ಎಲ್ಲವೂ ಕಡುಗಂದು, ಎಲ್ಲವೂ ದುಂಡು. ಅದು ಯಾವ ಹೊತ್ತಿನಲ್ಲಿ ತೆಗೆದ ಫೋಟೊ ಎಂದು ಬರೆದಿಲ್ಲವಾದರೂ ಕೇಸರದ ಎಳೆ ಸ್ಪಷ್ಟವಾಗಿ ಕೆಂಪಾಗಿದೆ, ನಡುವಿನ ಕಂಬದ ತುದಿ, ಅಂದರೆ ಶಲಾಕಾಗ್ರ, ಹಸಿರಾಗಿದೆ. ನಿಮ್ಮ ಗಾಯರಾಣದ ಗಿಡ ಒಪನ್ಷಿಯಾ ಎಲಾಟಿಯರ್. ಮೇವಿನ ಕಳ್ಳಿಯಲ್ಲ.

ಇನ್ನು ಜೆಸಿಬಿ. ದಯವಿಟ್ಟು ಬೇಡ. ಯಂತ್ರದ ಬಕೆಟ್ಟಿಗೂ ಗಾಲಿಗೂ ಸಿಕ್ಕ ಗಿಡ ನೂರಾರು ತುಂಡಾಗುತ್ತದೆ. ಪ್ರತಿ ತುಂಡಿನಲ್ಲೂ ಕಣ್ಣುಗಳಿರುತ್ತವೆ. ನನ್ನ ಮೇಜಿನ ಮೇಲೆ ನೀರಿಲ್ಲದೆ ಬೇರು ಬಿಟ್ಟ ಗಿಡ ಮೃಗಶಿರಾ ಮಳೆ ಬಿದ್ದ ಮಣ್ಣಿನಲ್ಲಿ ಸುಮ್ಮನಿರುವುದಿಲ್ಲ. ಬೇಸಿಗೆಯಲ್ಲಿ, ಮಳೆಗೆ ಎರಡು ಮೂರು ತಿಂಗಳು ಮೊದಲು, ಗುದ್ದಲಿಯಿಂದ ಬುಡಸಮೇತ ಅಗೆದು, ಕವೆಗೋಲಿನಿಂದ ಎತ್ತಿ, ಮಣ್ಣು ತಾಗದಂತೆ ಬಂಡೆಯ ಮೇಲೆ ಒಟ್ಟಿ ಒಣಗಿಸುವುದು ಅಥವಾ ಆಳವಾದ ಗುಂಡಿಯಲ್ಲಿ ಹಾಕಿ ಮೇಲೆ ಮೂರು ಅಡಿಯಷ್ಟು ಮಣ್ಣು ಎಳೆಯುವುದು ನಿಧಾನವಾದರೂ ಗಟ್ಟಿ ದಾರಿ. ಮುಂದಿನ ಎರಡು ಮಳೆಗಾಲ ಅದೇ ಜಾಗಕ್ಕೆ ಹೋಗಿ ಚಿಗುರನ್ನು ಕೀಳಬೇಕು, ಏಕೆಂದರೆ ಹಕ್ಕಿಗಳು ಹಣ್ಣು ತಿಂದು ಬೀಜ ಬೀಳಿಸಿರುತ್ತವೆ. ಗಾಯರಾಣ ಊರಿನ ಸ್ವತ್ತಾದ್ದರಿಂದ ಪಂಚಾಯಿತಿಯ ಒಪ್ಪಿಗೆ ಪಡೆದು ಎಲ್ಲರೂ ಸೇರಿ ಮಾಡುವ ಕೆಲಸ ಇದು.

ಒಮ್ಮೆಗೇ ಎಲ್ಲವನ್ನೂ ತೆಗೆಯಬೇಕೆಂದೂ ನಾನು ಹೇಳುವುದಿಲ್ಲ. ಕುರಿಗಳು ಸುತ್ತಲಿನ ಹುಲ್ಲನ್ನು ಬುಡಮಟ್ಟ ತಿಂದು ಕಳ್ಳಿಯನ್ನು ಮಾತ್ರ ಬಿಟ್ಟಿದ್ದರಿಂದ ಅದು ಗೆದ್ದಿದೆ. ಹುಲ್ಲಿಗೆ ವಿರಾಮ ಸಿಗದೆ ಕಳ್ಳಿಯನ್ನಷ್ಟೇ ತೆಗೆದರೆ ಬರಿ ಮಣ್ಣು ಉಳಿಯುತ್ತದೆ, ಇಳಿಜಾರಿನಲ್ಲಿ ಅದೂ ಕೊಚ್ಚಿಹೋಗುತ್ತದೆ. ಕಳ್ಳಿಮೆಳೆಯ ನಡುವೆ ಕೈಹಾಕದೆ ಇಣುಕಿ ನೋಡಿ: ಹೊರಗೆ ಎಲ್ಲಿಯೂ ಉಳಿಯದ ಹುಲ್ಲಿನ ತೆನೆಗಳು, ಒಮ್ಮೊಮ್ಮೆ ಬೇವಿನ ಅಥವಾ ಬಾರಿಹಣ್ಣಿನ ಸಸಿ, ಆಡಿನ ಬಾಯಿಗೆ ಸಿಗದೆ ಅಲ್ಲಿ ಬದುಕಿರುತ್ತವೆ. ಮೊದಲ ವರ್ಷ ಸಮತಟ್ಟಾದ ಅರ್ಧ ಭಾಗ ತೆಗೆದು, ಅಲ್ಲಿ ಒಂದು ಮಳೆಗಾಲ ಮೇಯಿಸದೆ ಬಿಟ್ಟು, ಹುಲ್ಲು ಬೀಜ ಕಟ್ಟಿದ ಮೇಲೆ ಉಳಿದರ್ಧಕ್ಕೆ ಕೈಹಾಕಿ.

ಪ್ರಶ್ನೆ: ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಒಣಬೇಸಾಯಗಾರ ನಾನು. ಬರ ಬಿದ್ದ ವರ್ಷ ಹಾಳುಬಿದ್ದ ಹೊಲದಲ್ಲಿನ ಪಾಪಸುಕಳ್ಳಿಯನ್ನು ಮುಳ್ಳು ಸವರಿ ಎಮ್ಮೆಗೂ ಆಡುಗಳಿಗೂ ಹಾಕಿದೆವು. ಎರಡು ಆಡುಗಳ ತುಟಿ, ನಾಲಗೆ ಊದಿ ಮೇವು ಬಿಟ್ಟವು; ಎಮ್ಮೆಗೆ ಉಚ್ಚಾಟ (ಭೇದಿ) ಹತ್ತಿತು. ಕಳ್ಳಿ ಮೇವಲ್ಲವೆಂದು ಬಿಟ್ಟುಬಿಡಬೇಕೇ?

ಉತ್ತರ: ನಿಮ್ಮ ಮನೆಯಲ್ಲಿ ಆದದ್ದು ಎರಡು ಬೇರೆ ಬೇರೆ ತೊಂದರೆಗಳು. ಆಡುಗಳ ಬಾಯಿಗೆ ಆದದ್ದು ಸುಂಕುಮುಳ್ಳಿನಿಂದ. ಕುಡುಗೋಲಿನಿಂದ ಸವರಿದಾಗ ಉದ್ದ ಮುಳ್ಳು ಹೋಗುತ್ತದೆ, ಕಣ್ಣಿನೊಳಗಿನ ಸುಂಕು ಉಳಿಯುತ್ತದೆ. ಅದು ತುಟಿಗೂ ನಾಲಗೆಗೂ ನಾಟಿ ಹುಣ್ಣಾಗಿ ಕೀವು ತುಂಬುತ್ತದೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಬರಗಾಲದಲ್ಲಿ ದನ ಸಾಕುವವರು ಗಿಡದ ಮೇಲೆಯೇ ಗ್ಯಾಸಿನ ಜ್ವಾಲೆ ಹಾಯಿಸಿ ಮುಳ್ಳನ್ನೂ ಸುಂಕನ್ನೂ ಸುಟ್ಟು ಮೇಯಿಸುವ ರೂಢಿ ಬಹಳ ಹಿಂದಿನಿಂದ ಇದೆ. ನಮ್ಮಲ್ಲಿ ಹಲಗೆಯನ್ನು ಕವೆಗೋಲಿಗೆ ಚುಚ್ಚಿ ಬೆಂಕಿಯ ಉರಿಯಲ್ಲಿ ಎರಡೂ ಬದಿ ಆಡಿಸಿದರೆ ಅದೇ ಕೆಲಸವಾಗುತ್ತದೆ. ಅಂಚನ್ನು ಮರೆಯಬಾರದು, ಹೆಚ್ಚು ಕಣ್ಣುಗಳಿರುವುದು ಅಲ್ಲೇ. ಬಾಯಿ ಊದಿದ ಆಡುಗಳನ್ನು ಪಶುವೈದ್ಯರಿಗೆ ತೋರಿಸದೆ ಮನೆಯಲ್ಲೇ ಇಟ್ಟುಕೊಳ್ಳಬೇಡಿ.

ಎಮ್ಮೆಯ ತೊಂದರೆಗೆ ಕಾರಣ ಬೇರೆ. ಹಸಿ ಕಳ್ಳಿಯಲ್ಲಿ ನೂರಕ್ಕೆ 85ರಿಂದ 90 ಭಾಗ ನೀರು. ನಾರು ಕಡಿಮೆ, ಪ್ರೋಟೀನು ತೀರ ಕಡಿಮೆ, ಸುಣ್ಣದ ಆಕ್ಸಲೇಟು ಹೆಚ್ಚು. ಅದನ್ನೊಂದನ್ನೇ ಹೊಟ್ಟೆತುಂಬ ಕೊಟ್ಟರೆ ಉಚ್ಚಾಟ ಖಚಿತ. ಸುಟ್ಟ ಹಲಗೆಯನ್ನು ಸಣ್ಣಗೆ ಕೊಚ್ಚಿ ಜೋಳದ ಕಣಿಕೆಯ ಜೊತೆ ಬೆರೆಸಿ, ಮೊದಲ ವಾರ ಒಂದೆರಡು ಹಿಡಿಯಿಂದ ಶುರುಮಾಡಿ, ತೊಗರಿ ಹೊಟ್ಟು ಅಥವಾ ಹಿಂಡಿಯನ್ನೂ ಸೇರಿಸಿ ಕೊಡಬೇಕು. ಕಳ್ಳಿಯನ್ನು ಮೇವೆಂದು ನೋಡುವುದಕ್ಕಿಂತ ಒಣಮೇವಿನ ಜೊತೆ ಕೊಡುವ ನೀರೆಂದು ನೋಡುವುದೇ ಸರಿ ಎಂದು ನನ್ನ ಅಭಿಪ್ರಾಯ. ಕೆರೆ ಬತ್ತಿದ ಏಪ್ರಿಲ್ ತಿಂಗಳಲ್ಲಿ ಅದು ಸಣ್ಣ ಉಪಕಾರವಲ್ಲ.

ಪ್ರತಿ ಬರಗಾಲಕ್ಕೂ ಸುಡುತ್ತ ಕೂರುವ ಬದಲು ಮುಳ್ಳಿಲ್ಲದ ಒಪನ್ಷಿಯಾ ಫೈಕಸ್ ಇಂಡಿಕಾವನ್ನು ಹೊಲದ ಮೂಲೆಯಲ್ಲಿ ಹಾಕಿಕೊಳ್ಳುವುದು ಮೇಲು. ಮೇವಿನ ಬೆಳೆಗಳ ಕುರಿತು ಕೆಲಸ ಮಾಡುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಧಾರವಾಡದಲ್ಲಿದೆ. ತಳಿಯ ಬಗ್ಗೆ ಅಲ್ಲಿ ವಿಚಾರಿಸಬಹುದು. ಎರಿಭೂಮಿಯಲ್ಲಿ ಮಾತ್ರ ನೆಡಬೇಡಿ. ಮಳೆಗಾಲದಲ್ಲಿ ನೀರು ಹಿಡಿದು ಬೇರು ಕೊಳೆಯುತ್ತದೆ. ಕಲ್ಲು ಬೆರೆತ ಮಸಾರಿ ಒಳ್ಳೆಯದು. ಕೊಯ್ದ ಹಲಗೆಯನ್ನು ಎರಡು ಮೂರು ವಾರ ನೆರಳಲ್ಲಿಟ್ಟು ಗಾಯ ಒಣಗಿದ ಮೇಲೆ ಮೂರರಲ್ಲಿ ಒಂದು ಭಾಗ ಮಣ್ಣಿನಲ್ಲಿರುವಂತೆ ನಿಲ್ಲಿಸಬೇಕು. ಬೇಲಿ ಬೇಕೇ ಬೇಕು. ಮುಳ್ಳಿಲ್ಲದ್ದನ್ನು ಆಡು ಮೊದಲ ತಿಂಗಳಲ್ಲೇ ಮುಗಿಸಿಬಿಡುತ್ತದೆ. ಮುಳ್ಳಿಲ್ಲದ್ದೆಂದು ಬರಿಗೈಯಿಂದ ಹಿಡಿಯಲೂಬೇಡಿ, ಅದರ ಕಣ್ಣಿನಲ್ಲೂ ಸ್ವಲ್ಪ ಸುಂಕು ಇರುತ್ತದೆ. ಹಣ್ಣು ಬಿದ್ದು ಬೀಜದಿಂದ ಹುಟ್ಟಿದ ಸಸಿಗಳಲ್ಲಿ ಮುಳ್ಳು ಮರಳಿ ಬರಬಹುದಾದ್ದರಿಂದ ಹಣ್ಣನ್ನು ಗಿಡದಲ್ಲೇ ಬಿಡದೆ ಕೊಯ್ದುಬಿಡಿ.

ಪ್ರಶ್ನೆ: ಬೆಳಗಾವಿ ಜಿಲ್ಲೆಯ ಸವದತ್ತಿ ಕಡೆಯ ಗುಡ್ಡದಲ್ಲಿ ಪಾಪಸುಕಳ್ಳಿಯ ಮೇಲೆ ಹತ್ತಿ ಅಂಟಿಸಿದಂತೆ ಬಿಳಿ ಗಂಟುಗಳು ಕಂಡವು. ಕಡ್ಡಿಯಿಂದ ಒತ್ತಿದರೆ ರಕ್ತದಂಥ ಕೆಂಪು ಹೊರಬಂತು. ಇದೇನು ರೋಗ?

ಉತ್ತರ: ರೋಗವಲ್ಲ, ಕೀಟ. ಹತ್ತಿಯಂತೆ ಕಾಣುವುದು ಅದು ಮೈಮೇಲೆ ಹೊದ್ದುಕೊಂಡ ಮೇಣದ ಎಳೆಗಳು. ಅದರಡಿ ಕಾಲು ಚಾಚದೆ, ರೆಕ್ಕೆಯಿಲ್ಲದೆ, ಕಳ್ಳಿಯ ರಸ ಹೀರುತ್ತ ಕೂತ ಹೆಣ್ಣುಹುಳು ಇರುತ್ತದೆ. ಡ್ಯಾಕ್ಟಿಲೋಪಿಯಸ್ ಎಂಬ ಕುಲದ ಈ ಕೀಟಗಳನ್ನು ಕೊಚಿನಿಯಲ್ ಎನ್ನುತ್ತಾರೆ. ನೀವು ಕಂಡ ಕೆಂಪು ಅದರ ಮೈಯೊಳಗಿನ ಕಾರ್ಮಿನಿಕ್ ಆಮ್ಲ. ಬೆರಳಿಗೆ ಹತ್ತಿದ್ದು ಹಾನಿಮಾಡುವುದಿಲ್ಲ. ರೇಷ್ಮೆ, ಉಣ್ಣೆಗಳಿಗೆ ಹಾಕುವ ಬಣ್ಣವಾಗಿ ಶತಮಾನಗಳ ಕಾಲ ಲೋಕದ ಪೇಟೆಗಳನ್ನು ಆಳಿದ ಕೆಂಪು ಅದು.

ಪಾಪಸುಕಳ್ಳಿಯ ಕಥೆಯ ದೊಡ್ಡ ಭಾಗ ಈ ಕೆಂಪಿನೊಳಗೇ ಇದೆ. ಮೆಕ್ಸಿಕೊದ ಕೊಚಿನಿಯಲ್ ವ್ಯಾಪಾರ ಸ್ಪೇನಿನವರ ಕೈಯಲ್ಲಿತ್ತು. ಅದನ್ನು ಮುರಿಯಲು ಈಸ್ಟ್ ಇಂಡಿಯಾ ಕಂಪನಿ ಭಾರತದಲ್ಲಿ ಕಳ್ಳಿಯ ತೋಟ ಹಾಕಿಸಿ ಹುಳು ಸಾಕಲು ಹೊರಟಿತು. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬಾತ ಬ್ರೆಜಿಲ್‌ನ ರಿಯೊ ಡಿ ಜನೈರೊದಿಂದ ಹುಳುಗಳನ್ನು ಕಲ್ಕತ್ತೆಗೆ ತಂದ. ಆದರೆ ತಂದದ್ದು ಮೆಕ್ಸಿಕೊದ ಒಳ್ಳೆಯ ಬಣ್ಣದ ಹುಳುವಲ್ಲ, ಅದರ ಕಾಡುಬಂಧು. ಬಣ್ಣದ ವ್ಯಾಪಾರ ನೆಲಕಚ್ಚಿತು. ಹುಳು ಮಾತ್ರ ಒಂಟಿಮುಳ್ಳಿನ ಮೊನಕ್ಯಾಂತವನ್ನು ಹಿಡಿದು ಉತ್ತರ ಭಾರತದಲ್ಲಿ ಅದರ ಮೆಳೆಗಳನ್ನೇ ಬರಿದುಮಾಡಿತು. ಅದನ್ನು ಕಂಡವರು 1836ರ ಸುಮಾರಿಗೆ ಬೇಕೆಂದೇ ದಕ್ಷಿಣಕ್ಕೂ ತಂದು ಬಿಟ್ಟರು. ಕಳೆಯನ್ನು ಹತೋಟಿಗೆ ತರಲು ಕೀಟವನ್ನು ಬಳಸಿ ಗೆದ್ದ ಮೊತ್ತಮೊದಲ ಉದಾಹರಣೆಗಳಲ್ಲಿ ಇದನ್ನು ಎಣಿಸುತ್ತಾರೆ.

ಅದೇ ಹುಳು ಡಿಲ್ಲೆನಿಯೈಯನ್ನು ಮುಟ್ಟಲಿಲ್ಲ. ಹುಳುವಿಗೂ ಕಳ್ಳಿಯ ಜಾತಿ ಗೊತ್ತು; ನಾವು ಪಾಪಸುಕಳ್ಳಿ ಎಂದು ಒಂದೇ ಹೆಸರಿನಲ್ಲಿ ಕರೆದದ್ದನ್ನು ಅದು ಎರಡೆಂದೇ ತಿಳಿಯಿತು. ಕೊನೆಗೆ 1926ರಲ್ಲಿ ಡ್ಯಾಕ್ಟಿಲೋಪಿಯಸ್ ಒಪನ್ಷಿಯೇ ಎಂಬ ಇನ್ನೊಂದು ಜಾತಿಯನ್ನು ಶ್ರೀಲಂಕೆಯಿಂದ ತಂದು ದಕ್ಷಿಣ ಭಾರತದಲ್ಲಿ ಬಿಟ್ಟ ಮೇಲೆ ಕೆಲವೇ ವರ್ಷಗಳಲ್ಲಿ ಡಿಲ್ಲೆನಿಯೈ ಮತ್ತು ಎಲಾಟಿಯರ್ ಎರಡೂ ಅಪಾರವಾಗಿ ತಗ್ಗಿದವು. ಅದೇ ದಶಕದಲ್ಲಿ ಆಸ್ಟ್ರೇಲಿಯಾ ಸುಮಾರು ಆರು ಕೋಟಿ ಎಕರೆ ಹುಲ್ಲುಗಾವಲು ಮತ್ತು ಸಾಗುವಳಿ ನೆಲವನ್ನು ಈ ಬಳಗದ ಕಳ್ಳಿಗೆ ಕಳೆದುಕೊಂಡಿತ್ತು. ಅರ್ಜೆಂಟೀನಾದಿಂದ 1925ರಲ್ಲಿ ತಂದ ಕ್ಯಾಕ್ಟೊಬ್ಲಾಸ್ಟಿಸ್ ಎಂಬ ಪತಂಗದ ಮರಿಹುಳುಗಳು ಹಲಗೆಯ ಒಳಗನ್ನು ತಿಂದು 1930ರ ದಶಕದ ನಡುವಿನ ಹೊತ್ತಿಗೆ ಅದನ್ನು ಬಿಡಿಸಿಕೊಟ್ಟವು. ಕ್ವೀನ್ಸ್‌ಲ್ಯಾಂಡ್‌ನ ರೈತರು ಆ ಪತಂಗದ ಹೆಸರಿನಲ್ಲಿ ಒಂದು ಸ್ಮಾರಕ ಭವನವನ್ನೇ ಕಟ್ಟಿಸಿದ್ದಾರೆ.

ಸವದತ್ತಿಯ ಗುಡ್ಡದಲ್ಲಿ ನೀವು ಕಂಡದ್ದು ಆ ಕೊಚಿನಿಯಲ್ ಹುಳುಗಳ ಸಂತತಿಯೇ. ಅವಕ್ಕೆ ಔಷಧ ಸಿಂಪಡಿಸಬೇಡಿ. ಹೊಲಗಳಲ್ಲಿನ ಹತ್ತಿ, ಜೋಳ, ತೊಗರಿಗಳ ಕಡೆಗೆ ಅವು ತಿರುಗಿಯೂ ನೋಡುವುದಿಲ್ಲ. ಆದರೆ ಪಕ್ಕದ ಹೊಲದವರು ಮುಳ್ಳಿಲ್ಲದ ಮೇವಿನ ಕಳ್ಳಿ ಹಾಕಿದ್ದರೆ ಅವರಿಗೆ ತಪ್ಪದೆ ತಿಳಿಸಿ. ಅದಕ್ಕೆ ಈ ಹುಳು ಹತ್ತುತ್ತದೆ.

ಪ್ರಶ್ನೆ: ಬಾದಾಮಿ ತಾಲ್ಲೂಕಿನ ಶಾಲೆಯೊಂದರಲ್ಲಿ ಕಲಿಸುತ್ತೇನೆ. ಮಕ್ಕಳನ್ನು ಗುಡ್ಡಕ್ಕೆ ಕರೆದೊಯ್ದಾಗ ಮೂರು ಏಣಿನ ಮುಳ್ಳುಗಳ್ಳಿಯನ್ನು ಕ್ಯಾಕ್ಟಸ್ ಎಂದು ಹೇಳಿಕೊಟ್ಟೆ. ಪುಸ್ತಕದಲ್ಲಿ ಕ್ಯಾಕ್ಟಸ್ ಅಮೆರಿಕದ್ದೆಂದಿದೆ. ಹಾಗಾದರೆ ನಮ್ಮ ಬಂಡೆಗಳ ಮೇಲಿನ ಕಳ್ಳಿಯೂ ಹೊರಗಿನದೇ?

ಉತ್ತರ: ಅಲ್ಲ, ಅದು ನಮ್ಮದೇ. ನೀವು ತೋರಿಸಿದ್ದು ಚದುರಗಳ್ಳಿ ಇರಬೇಕು, ಯುಫೋರ್ಬಿಯಾ ಆಂಟಿಕೋರಮ್. ಕಳ್ಳಿ ಎಂಬ ಮಾತು ಮೊದಲು ಇದ್ದದ್ದು ಚದುರಗಳ್ಳಿ, ಎಲೆಗಳ್ಳಿಗಳಂಥ ಹಾಲುಗಳ್ಳಿಗಳಿಗೆ. ಅಮೆರಿಕದ ಗಿಡ ಹಡಗಿನಲ್ಲಿ ಬಂದಿಳಿದ ಮೇಲೆ ನಮ್ಮವರು ಅದಕ್ಕೂ ಅದೇ ಹೆಸರು ಕೊಟ್ಟು ಹಿಂದೆ ಪಾಪಾಸು ಸೇರಿಸಿದರು. ಹೆಸರು ಒಂದಾದದ್ದರಿಂದಲೇ ಇಷ್ಟು ಗೊಂದಲ.

ಗುರುತು ಸುಲಭ. ಚದುರಗಳ್ಳಿಯ ಮುಳ್ಳು ಏಣಿನ ಮೇಲೆ ಜೋಡಿಯಾಗಿ ಕವಲೊಡೆದಿರುತ್ತದೆ. ತುಪ್ಪಳದ ಹಾಸಿಲ್ಲ, ಸುಂಕಿಲ್ಲ, ಮುಳ್ಳುಗಣ್ಣಿಲ್ಲ. ಗೀರಿದರೆ ಬಿಳಿ ಹಾಲು ಜಿನುಗುತ್ತದೆ. ಪಾಪಸುಕಳ್ಳಿಯನ್ನು ಗೀರಿದರೆ ಬರುವುದು ಲೋಳೆಯಂಥ ತಿಳಿರಸ. ಮಕ್ಕಳಿಗೆ ನಿಜವಾದ ಕ್ಯಾಕ್ಟಸ್ ಅನ್ನು ಅಪಾಯವಿಲ್ಲದೆ ತೋರಿಸಬೇಕಾದರೆ ಡ್ರ್ಯಾಗನ್ ಫ್ರೂಟ್ ಬೆಳೆದ ಹೊಲಕ್ಕೆ ಕರೆದೊಯ್ಯಿರಿ. ಅದಕ್ಕೂ ಮೂರು ಏಣು, ಆದರೆ ಏಣಿನ ಪ್ರತಿ ತಗ್ಗಿನಲ್ಲೂ ಚಿಕ್ಕ ಮುಳ್ಳುಗಣ್ಣು ಕೂತಿರುತ್ತದೆ.

ಗೀರಿ ನೋಡುವ ಪರೀಕ್ಷೆಯನ್ನು ಮಕ್ಕಳ ಕೈಗೆ ಕೊಡಬೇಡಿ. ಹಾಲುಗಳ್ಳಿಯ ಹಾಲು ಕಣ್ಣಿಗೆ ಸಿಡಿದರೆ ಉರಿ, ಊತ, ಮಬ್ಬು ಬರುತ್ತವೆ, ತಡಮಾಡಿದರೆ ದೃಷ್ಟಿಗೇ ಪೆಟ್ಟು. ನಾನೇ ಒಮ್ಮೆ ಹಾಲುಗಳ್ಳಿ ಕತ್ತರಿಸಿದ ಕೈಯಿಂದಲೇ ಬೆವರು ಒರೆಸಿಕೊಂಡು ಎರಡು ದಿನ ಬೆಳಕಿಗೆ ಕಣ್ಣು ತೆರೆಯಲಾರದೆ ಕಳೆದಿದ್ದೇನೆ. ಹಾಗಾದರೆ ಶುದ್ಧ ನೀರನ್ನು ಕನಿಷ್ಠ ಕಾಲು ಗಂಟೆ ಕಣ್ಣಿಗೆ ಹರಿಸುತ್ತಿರಬೇಕು, ಆಮೇಲೆ ನೇರವಾಗಿ ಕಣ್ಣಿನ ವೈದ್ಯರ ಬಳಿಗೆ ಹೋಗಬೇಕು. ಎದೆಹಾಲು, ಎಣ್ಣೆ, ಮತ್ತೇನನ್ನೂ ಹಾಕಬಾರದು.

ಪ್ರಶ್ನೆ: ಬೀಳಗಿ ಕಡೆ ಕುರಿ ಕಾಯುವ ಮಕ್ಕಳು ಪಾಪಸುಕಳ್ಳಿಯ ಹಣ್ಣು ತಿನ್ನುತ್ತಾರೆ. ನನ್ನ ಮಗನೂ ತಿಂದು ಬಂದ. ಮರುದಿನ ಮೂತ್ರ ಕೆಂಪಾಯಿತೆಂದು ಮನೆಯವರು ಗಾಬರಿಗೊಂಡರು. ನಾಲಗೆಯಲ್ಲೂ ಬೆರಳಲ್ಲೂ ಮುಳ್ಳು ಚುಚ್ಚಿಕೊಂಡಿದ್ದಾನೆ. ಹಣ್ಣು ವಿಷವೇ?

ಉತ್ತರ: ವಿಷವಲ್ಲ. ಹಣ್ಣಿನ ಕೆಂಪು ಬೀಟಾಲೇನ್ ಎಂಬ ವರ್ಣದ್ರವ್ಯ, ಬೀಟ್‌ರೂಟಿನಲ್ಲಿರುವುದೂ ಅದೇ ಬಳಗದ್ದು. ಕೆಲವರ ಮೈಯಲ್ಲಿ ಅದು ಪೂರ್ತಿ ಕರಗದೆ ಮೂತ್ರದಲ್ಲಿ ಹೊರಬರುತ್ತದೆ. ಒಂದೆರಡು ದಿನಗಳಲ್ಲಿ ತಿಳಿಯಾಗದಿದ್ದರೆ ಅಥವಾ ನೋವಿದ್ದರೆ ಮಾತ್ರ ವೈದ್ಯರಿಗೆ ತೋರಿಸಬೇಕು. ಬೀಜ ಕಲ್ಲಿನಂತೆ ಗಟ್ಟಿಯಾದ್ದರಿಂದ ಹೆಚ್ಚು ತಿಂದರೆ ಮಲ ಕಟ್ಟುತ್ತದೆ. ನಾಲ್ಕೈದು ಹಣ್ಣಿಗೆ ನಿಲ್ಲಿಸುವುದು ಒಳ್ಳೆಯದು.

ಹಣ್ಣಿನ ಮೇಲೂ ಮುಳ್ಳುಗಣ್ಣುಗಳಿವೆ, ಅವುಗಳಲ್ಲಿ ಸುಂಕಿದೆ. ಹಳೆಯ ಕುರಿಗಾರರು ಹಣ್ಣನ್ನು ಕಡ್ಡಿಗೆ ಚುಚ್ಚಿ ಬೆಂಕಿಯಲ್ಲಿ ಹೊರಳಿಸಿ, ಆಮೇಲೆ ಹುಲ್ಲಿನ ಸಿವುಡಿನಿಂದ ಉಜ್ಜಿ, ಎರಡು ತುದಿ ಕತ್ತರಿಸಿ ಉದ್ದಕ್ಕೆ ಸೀಳಿ ತಿರುಳನ್ನಷ್ಟೇ ತೆಗೆಯುತ್ತಿದ್ದರು. ಮಗನಿಗೂ ಹಾಗೆಯೇ ಕಲಿಸಿ. ಬೆರಳಿಗೆ ಹೊಕ್ಕ ಸುಂಕನ್ನು ಉಜ್ಜಬೇಡಿ, ಬಾಯಿಂದ ಹೀರಬೇಡಿ. ಬಿಸಿಲಿನ ಬೆಳಕಿನಲ್ಲಿ ಕಾಣುವಷ್ಟನ್ನು ಚಿಮಟದಿಂದ ಹೊಕ್ಕ ದಿಕ್ಕಿನಲ್ಲೇ ಎಳೆದು ತೆಗೆದು, ಉಳಿದದ್ದರ ಮೇಲೆ ಶಾಲೆಯ ಮಕ್ಕಳು ಬಳಸುವ ಬಿಳಿ ಅಂಟನ್ನು ತೆಳ್ಳಗೆ ಸವರಿ, ಮೇಲೆ ಗಾಯಕ್ಕೆ ಕಟ್ಟುವ ಜಾಳುಬಟ್ಟೆ ಒತ್ತಿ, ಪೂರ್ತಿ ಒಣಗಿದ ಮೇಲೆ ಒಂದೇ ಸಲಕ್ಕೆ ಕಿತ್ತರೆ ಬಹುಪಾಲು ಬಟ್ಟೆಯೊಂದಿಗೆ ಬರುತ್ತದೆ. ಈ ಅಂಟಿನ ಉಪಾಯ ಕೈಕಾಲಿಗೆ ಮಾತ್ರ. ನಾಲಗೆಯಲ್ಲಿ ಉಳಿದ ಸುಂಕನ್ನು ವೈದ್ಯರೇ ತೆಗೆಯಬೇಕು. ನಾಳೆ ಬೆಳಿಗ್ಗೆಯೇ ಕರೆದೊಯ್ಯಿರಿ.